ಕೋಲು ಹುಡುಕಬೇಡಿ, ಚೀಲ ಬಿಚ್ಚಿ: ಕಾಡಿನಲ್ಲಿ ಮುರಿದ ಕೈಕಾಲಿಗೆ ಯಾವ ದಬ್ಬೆ?

ಕುಮಾರಪರ್ವತದಿಂದ ಇಳಿಯುತ್ತಿದ್ದೆವು. ಶೇಷಪರ್ವತ ದಾಟಿ ಕಲ್ಲುಮಂಟಪದ ಕಡೆಗೆ ಬರುವ ಬೋಳು ಏಣಿನಲ್ಲಿ ಗೆಳೆಯನೊಬ್ಬ ಒದ್ದೆ ಕಲ್ಲಿನ ಮೇಲೆ ಜಾರಿ, ಅಂಗೈ ಊರಿ ಬಿದ್ದ. ಎದ್ದು ಕೂತಾಗ ಮಣಿಕಟ್ಟು ಬಗ್ಗಿದ ಚಮಚದಂತೆ ಕಾಣುತ್ತಿತ್ತು. ಮುರಿದಿದೆ ಅಂತ ಹೇಳಲು ವೈದ್ಯರೇ ಬೇಕಿರಲಿಲ್ಲ. ನಮ್ಮಲ್ಲಿ ಇಬ್ಬರು ತಕ್ಷಣ 'ಕೋಲು, ಕೋಲು' ಅನ್ನುತ್ತ ಓಡಿದರು. ಆ ಏಣಿನಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ಕೆಳಗಿನ ಮಡಿಕೆಯ ಶೋಲಾ ಕಾಡಿನವರೆಗೆ ಹೋಗಿ, ಇಪ್ಪತ್ತು ನಿಮಿಷ ಕಳೆದು, ಒಂದು ಕೊಂಬೆ ತಂದರು. ಮೊಣಕಾಲಿಗೆ ಒತ್ತಿ ನೋಡಿದರೆ ಲಟಕ್ಕನೆ ಮುರಿಯಿತು. ಒಳಗೆಲ್ಲ ಲಡ್ಡು, ಮೇಲೆ ಇರುವೆ. ಅಷ್ಟು ಹೊತ್ತೂ ಗಾಯಗೊಂಡವನ ಚೀಲದ ಹೊರಗೆ, ಎಲ್ಲರ ಕಣ್ಣೆದುರಿಗೇ, ಮಲಗುವ ಫೋಮ್ ಮ್ಯಾಟ್ ಸುರುಳಿಯಾಗಿ ನೇತಾಡುತ್ತಿತ್ತು.

ಪಶ್ಚಿಮ ಘಟ್ಟದ ಎತ್ತರದ ಚಾರಣದ ದಾರಿಗಳು ಹೆಚ್ಚಿನವು ಹೀಗೆಯೇ. ಬೆನ್ನೆಲ್ಲ ಹುಲ್ಲುಗಾವಲು, ಮರಗಳಿರುವುದು ಮಡಿಕೆಗಳಲ್ಲಿ ಮಾತ್ರ. ಕುದುರೆಮುಖದ ತುದಿಯಲ್ಲಿ ಬಿದ್ದವರಿಗೆ ಒಳ್ಳೆಯ ಕೋಲು ಕೈಗೆಟಕುತ್ತದೆ ಅಂತ ನಂಬಿಕೊಳ್ಳಬೇಡಿ. ಸಿಕ್ಕರೂ ಅದೇ ಒಳ್ಳೆಯ ಆಯ್ಕೆ ಅನ್ನುವುದು ನನಗೆ ಈಗ ಅನುಮಾನ.

ಹಾಗಾದರೆ ದಬ್ಬೆಗೆ, ಅಂದರೆ ಮುರಿದ ಎಲುಬು ಅಲುಗದಂತೆ ಪಕ್ಕಕ್ಕಿಟ್ಟು ಕಟ್ಟುವ ಆಸರೆಗೆ (ಸ್ಪ್ಲಿಂಟ್), ಯಾವುದು ಒಳ್ಳೆಯದು? ಅದು ಯಾವ ಎಲುಬು ಮುರಿದಿದೆ, ಮಳೆ ಬರುತ್ತಿದೆಯೇ, ರಸ್ತೆ ಎಷ್ಟು ದೂರ ಅನ್ನುವುದರ ಮೇಲೆ ನಿಂತಿದೆ.

ಮೊದಲು ಬಳೆ, ಉಂಗುರ, ಗಡಿಯಾರ

ದಬ್ಬೆಯ ಮಾತಿಗೆ ಮುಂಚೆ ಇಷ್ಟು ಮಾಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ನಿಲ್ಲಿಸಿ. ತಲೆಗೆ, ಕುತ್ತಿಗೆಗೆ ಪೆಟ್ಟು ಬಿದ್ದಿದೆಯೇ ನೋಡಿ; ಅದಿದ್ದರೆ ಕೈಕಾಲಿನ ಸರದಿ ಆಮೇಲೆ. ಮತ್ತೆ ಆ ಕೈಯ ಬಳೆ, ಉಂಗುರ, ಗಡಿಯಾರ, ಕಾಲಾದರೆ ಗೆಜ್ಜೆ, ಕಾಲುಂಗುರ ಎಲ್ಲ ತೆಗೆಯಿರಿ. ಈಗ ಸಲೀಸಾಗಿ ಬರುವ ಉಂಗುರ ಎರಡು ಗಂಟೆ ಕಳೆದ ಮೇಲೆ ಕತ್ತರಿಸದೆ ಬರುವುದಿಲ್ಲ. ಕಾಲುಂಗುರ ತೆಗೆಯಲು ಕೆಲವರು ಒಪ್ಪುವುದಿಲ್ಲ. ಹತ್ತಿರದವರಿಂದ ಹೇಳಿಸಿ.

ಆಮೇಲೆ ಪೆಟ್ಟಾದ ಜಾಗದಿಂದ ಆಚೆಗೆ, ಅಂದರೆ ಬೆರಳುಗಳ ಕಡೆಗೆ, ಮೂರು ನೋಟ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ? ಬೆರಳು ಮುಟ್ಟಿದರೆ ಗೊತ್ತಾಗುತ್ತದೆಯೇ? ಬೆರಳು ಅಲ್ಲಾಡಿಸಲು ಆಗುತ್ತದೆಯೇ? ಮಳೆಯಲ್ಲಿ ನೆಂದು ಕೈ ತಣ್ಣಗಾಗಿದ್ದರೆ ಕೆಂಪು ತಡವಾಗಿ ಬರಬಹುದು. ಹಾಗಾಗಿ ಇನ್ನೊಂದು ಕೈಯನ್ನೂ ಒತ್ತಿ ನೋಡಿ ಹೋಲಿಸಿ. ಕಟ್ಟುವ ಮೊದಲು ಒಮ್ಮೆ, ಕಟ್ಟಿದ ಮೇಲೆ ಒಮ್ಮೆ. ಮೊದಲೇ ನೋಡದಿದ್ದರೆ, ಜೋಮು ಬಂದದ್ದು ಬಿದ್ದಿದ್ದರಿಂದಲೋ ನಿಮ್ಮ ಕಟ್ಟಿನಿಂದಲೋ ಅನ್ನುವುದು ತಿಳಿಯುವುದೇ ಇಲ್ಲ.

ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಮಣ್ಣಿದ್ದರೆ ಕುಡಿಯುವ ನೀರು ಹೊಯ್ದು, ಇರುವುದರಲ್ಲೇ ಚೊಕ್ಕ ಬಟ್ಟೆಯಿಂದ ಮುಚ್ಚಿ, ಅದರ ಮೇಲೆ ದಬ್ಬೆ. ಅರಿಶಿನ, ಕಾಫಿಪುಡಿ ಏನೂ ಬೇಡ. ಇಂಥ ಗಾಯಕ್ಕೆ ಆಂಟಿಬಯೋಟಿಕ್ ಬೇಗ ಸಿಗಬೇಕು, ಹಾಗಾಗಿ ಕಾಡಿನಲ್ಲಿ ಅಂದವಾದ ಕಟ್ಟು ಹಾಕುತ್ತ ಕೂರುವ ಹೊತ್ತಲ್ಲ ಅದು.

ಬಿದಿರು ದಬ್ಬೆ: ಹಳೆಯದು, ಗಟ್ಟಿ, ಆದರೂ

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಎಲುಬಿಗೆ ಕಟ್ಟುವ ದಬ್ಬೆಗೆ 'ಕುಶ' ಎಂದು ಹೆಸರು. ಅದಕ್ಕೆ ಯಾವ ಯಾವ ಮರ ಆಗುತ್ತದೆ ಅನ್ನುವ ಪಟ್ಟಿಯೂ ಇದೆ: ಹಿಪ್ಪೆ, ಅತ್ತಿ, ಅರಳಿ, ಮುತ್ತುಗ, ಹೊಳೆಮತ್ತಿ, ಬಿದಿರು, ಸರ್ಜ, ಆಲ. ಬಹುಪಾಲು ತೊಗಟೆಗಳೇ. ತೊಗಟೆ ಮರದಿಂದ ಬಿಡಿಸಿಕೊಂಡಾಗಲೇ ಕೈಕಾಲಿನ ಹಾಗೆ ಬಾಗಿರುತ್ತದೆ. ಅವರು ಆರಿಸಿದ್ದು ದೊಣ್ಣೆಯನ್ನಲ್ಲ, ಬಾಗಿದ ಹಾಳೆಯನ್ನು.

ಬಾಗು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಕಾಗದ ಸಾಕು. ಕಾಗದದ ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜೋತುಬೀಳುತ್ತದೆ. ಅದನ್ನೇ ಉದ್ದಕ್ಕೆ ಸ್ವಲ್ಪ ದೋಣಿಯಂತೆ ಬಾಗಿಸಿ ಹಿಡಿಯಿರಿ, ನೆಟ್ಟಗೆ ನಿಲ್ಲುತ್ತದೆ. ನಾಡಹೆಂಚು ಅಷ್ಟು ತೆಳ್ಳಗಿದ್ದೂ ಭಾರ ತಾಳುವುದು ಇದರಿಂದಲೇ. ದುಂಡಗಿನ ಕೋಲು ಕೈಗೆ ತಾಗುವುದು ಒಂದು ಗೆರೆಯ ಮೇಲೆ; ಕಟ್ಟಿದಷ್ಟೂ ಆ ಗೆರೆ ಒತ್ತುತ್ತದೆ, ಕೋಲು ಉರುಳಿ ಪಕ್ಕಕ್ಕೆ ಸರಿಯುತ್ತದೆ. ಬಾಗಿದ ಹಾಳೆ ಅರ್ಧ ಕೈಯನ್ನೇ ತಬ್ಬಿಕೊಳ್ಳುತ್ತದೆ.

ಬಿದಿರನ್ನು ಸೀಳಿದರೆ ಈ ಬಾಗು ಸಿಗುತ್ತದೆ, ನಿಜ. ಅಂಗೈಯಗಲದ ಒಂದು ದಬ್ಬೆ, ಒಳಮೈಗೆ ಬಟ್ಟೆಯ ಮೆತ್ತೆ, ಅಂಚು ಸವರಿದ್ದರೆ ಮುಂಗೈಗೆ ಅದರಷ್ಟು ಒಳ್ಳೆಯದು ಕಡಿಮೆ. ಆದರೆ ಕತ್ತಿ ಬೇಕು. ಸೀಳಿದ ಬಿದಿರಿನ ಅಂಚು ಬ್ಲೇಡಿನಂತೆ ಕುಯ್ಯುತ್ತದೆ. ಎಳೆ ಬಿದಿರಿನ ಪೊರೆಯ ಮೇಲಿನ ಸಣ್ಣ ಕೂದಲು ಚರ್ಮಕ್ಕೆ ಚುಚ್ಚಿದರೆ ಮುರಿತದ ಜೊತೆಗೆ ತುರಿಕೆಯೂ ಬೋನಸ್ಸು. ಅಭಯಾರಣ್ಯದಲ್ಲಿ ಹಸಿ ಮರ ಕಡಿಯುವುದು ತಪ್ಪು ಅನ್ನುವುದು ಇನ್ನೊಂದು. ಕತ್ತಿ ಹಿಡಿದ ಊರಿನವರು ಜೊತೆಗಿದ್ದು, ಒಣಗಿ ಬಿದ್ದ ಬಿದಿರು ಪಕ್ಕದಲ್ಲೇ ಇದ್ದರೆ ಬಿದಿರು ಆರಿಸಿ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬಂದ ತಂಡಕ್ಕೆ ಅದು ಆಯ್ಕೆಯೇ ಅಲ್ಲ.

ಕೊಂಬೆಯೇ ಗತಿ ಅನ್ನುವ ಹಾಗಿದ್ದರೆ ಒಂದಲ್ಲ, ಎರಡು ಬೇಕು, ಮುರಿದ ಭಾಗದ ಎರಡೂ ಬದಿಗೆ. ಮೊದಲು ನಿಮ್ಮ ಮೊಣಕಾಲಿಗೆ ಒತ್ತಿ ಮುರಿಯುತ್ತದೆಯೇ ನೋಡಿ.

ಅಡಿಕೆ ಹಾಳೆ: ತೋಟದಂಚಿನ ಭಾಗ್ಯ

ಮಲೆನಾಡು, ಕರಾವಳಿಯವರು ಇದನ್ನು ಯಾಕೆ ಮರೆಯುತ್ತಾರೋ ಗೊತ್ತಿಲ್ಲ. ಮುಟ್ಟಾಳೆ ಟೊಪ್ಪಿ ಮಾಡಿದವರು, ಊಟದ ತಟ್ಟೆ ಒತ್ತಿದವರು, ಚಿಕ್ಕಂದಿನಲ್ಲಿ ಹಾಳೆಯ ಮೇಲೆ ಕೂತು ಎಳೆಸಿಕೊಂಡು ಚಡ್ಡಿ ಹರಿದುಕೊಂಡವರು ನಾವೇ ತಾನೆ. ಒಣ ಹಾಳೆ ಬಾಗಿಸಿದರೆ ಸೀಳುತ್ತದೆ. ಹತ್ತು ಹದಿನೈದು ನಿಮಿಷ ನೀರಿನಲ್ಲಿ ಅದ್ದಿಟ್ಟರೆ ಹೇಳಿದ ಹಾಗೆ ಕೇಳುತ್ತದೆ, ಒಣಗುತ್ತ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಪ್ಲಾಸ್ಟರಿನ ಗುಣ. ಮೂಲದಲ್ಲೇ ದೋಣಿಯ ಬಾಗು ಇದೆ. ತೂಕವಿಲ್ಲ. ಕತ್ತರಿಯಲ್ಲಿ ಬೇಕಾದಷ್ಟು ಕತ್ತರಿಸಬಹುದು.

ಮುಂಗೈಗೆ, ಮಕ್ಕಳ ಕಾಲಿಗೆ ಅತ್ಯುತ್ತಮ. ದೊಡ್ಡವರ ಮೊಣಕಾಲಿನ ಕೆಳಗೆ ಮುರಿದಿದ್ದರೆ ಒಂದು ಹಾಳೆಯ ಉದ್ದ ಸಾಲದು, ಎರಡನ್ನು ಒಂದರ ಮೇಲೊಂದು ಅರ್ಧ ಏರಿಸಿ ಕಟ್ಟಬೇಕು. ಕೊರತೆಯೂ ಇದೆ. ಒಣಗುವಾಗ ಹಾಳೆ ಒಳಕ್ಕೆ ಸುರುಟಿಕೊಳ್ಳುತ್ತದೆ, ಆದ್ದರಿಂದ ಕೈಯನ್ನು ಪೂರ್ತಿ ಸುತ್ತುವಂತೆ ಕಟ್ಟಬಾರದು. ಮೇಲ್ಭಾಗ ಎರಡು ಬೆರಳಗಲ ತೆರೆದೇ ಇರಬೇಕು. ಬೂಷ್ಟು ಹಿಡಿದದ್ದನ್ನು ಬಿಡಿ. ದೊಡ್ಡ ತೊಡಕೆಂದರೆ ಇದು ಸಿಗುವುದು ತೋಟದಲ್ಲಿ, ಬೆಟ್ಟದ ತುದಿಯಲ್ಲಲ್ಲ. ಅಂದರೆ ಮೇಲೆ ಸಿಕ್ಕಿದ್ದನ್ನು ಕಟ್ಟಿ ಇಳಿದು, ಕೆಳಗಿನ ಮೊದಲ ಮನೆಯಲ್ಲಿ ಹಾಳೆಗೆ ಬದಲಾಯಿಸುವುದೇ? ಬೇಡ. ಮೇಲಿನ ಕಟ್ಟು ಸರಿಯಾಗಿ ನಿಂತಿದ್ದರೆ ಅದನ್ನು ಮುಟ್ಟಬೇಡಿ. ಬಿಚ್ಚಿ ಕಟ್ಟಿದಾಗಲೆಲ್ಲ ಎಲುಬು ಅಲುಗಾಡುತ್ತದೆ.

ಫೋಮ್ ಮ್ಯಾಟ್: ನನ್ನ ಮತ ಇದಕ್ಕೆ

ಚಾರಣಿಗರು ಮಲಗಲು ಒಯ್ಯುವ ಬೆರಳುದಪ್ಪದ ಫೋಮ್ ಮ್ಯಾಟು, ಅದಿಲ್ಲದಿದ್ದರೆ ಯೋಗದ ಮ್ಯಾಟು. ನೀರು ಹೀರುವುದಿಲ್ಲ, ತಾನೇ ಮೆತ್ತೆ, ತಾನೇ ದಬ್ಬೆ. ಆಗುಂಬೆಯಂಥ ವರ್ಷಕ್ಕೆ 7,000 ಮಿಲಿಮೀಟರ್‌ ದಾಟುವ ಮಳೆಯ ಸೀಮೆಯಲ್ಲಿ ನೆನೆಯದಿರುವುದು ಸಣ್ಣ ಗುಣವಲ್ಲ. 'ಇಷ್ಟು ಮೆತ್ತಗಿದೆ, ಇದು ಏನು ತಡೆದೀತು' ಅನ್ನಿಸುವುದು ಸಹಜ. ಮಡಿಸಿ ಕಾಲಿನ ಸುತ್ತ ದೋಣಿಯಂತೆ ಬಾಗಿಸಿ ಕಟ್ಟಿ ನೋಡಿ, ಮನೆಯಲ್ಲೇ, ಮುರಿಯದ ಕಾಲಿಗೆ. ನಾಲ್ಕು ಕಡೆ ಕಟ್ಟಿದ ಮೇಲೆ ಪಾದ ಅಲುಗಾಡಿಸಲು ಬರುವುದಿಲ್ಲ.

ಮಣಿಕಟ್ಟಿನಿಂದ ಮಂಡಿಯವರೆಗೆ ಎಲ್ಲಕ್ಕೂ ಒಗ್ಗುತ್ತದೆ ಅನ್ನುವುದೇ ಇದರ ಹೆಚ್ಚುಗಾರಿಕೆ. ಕೈಗಾದರೆ ಕತ್ತರಿಸಬೇಕು, ಕತ್ತರಿಸಲು ಮಾಲೀಕ ಒಪ್ಪಬೇಕು! ನಮ್ಮ ಗೆಳೆಯನದು ಹೊಸ ಮ್ಯಾಟು. ಮುರಿದ ಕೈ ಹಿಡಿದುಕೊಂಡೇ 'ಆ ಹಳೇದನ್ನ ಕತ್ತರಿಸ್ರೋ' ಅಂತ ಇನ್ನೊಬ್ಬನ ಮ್ಯಾಟಿನ ಕಡೆ ಕಣ್ಣು ಹಾಯಿಸಿದ. ಗಾಳಿ ತುಂಬುವ ಮ್ಯಾಟನ್ನು ಕತ್ತರಿಸಲಾಗದು. ಅರ್ಧ ಗಾಳಿ ತುಂಬಿ ಪಾದದ ಗಿಣ್ಣಿಗೆ ಸುತ್ತಬಹುದು, ಆದರೆ ಒಂದು ಮುಳ್ಳು ತಾಗಿದರೆ ಮುಗಿಯಿತು.

ತೊಡೆ ಮುರಿದಿದ್ದರೆ ಮ್ಯಾಟು ಒಂದೇ ಸಾಲದು. ಬಿಸಿಲಿನಲ್ಲಿ ಒಳಗೆ ಬೆವರು ನಿಲ್ಲುತ್ತದೆ, ಅದಕ್ಕೆ ಒಂದು ಪದರ ಹತ್ತಿ ಬಟ್ಟೆ ಬೇಕು.

ಚಾರಣದ ಕೋಲು, ಕೊಡೆ, ರಟ್ಟು, ಪತ್ರಿಕೆ

ಮಡಿಸುವ ಚಾರಣದ ಕೋಲು ನೋಡಲು ಹೇಳಿಮಾಡಿಸಿದ ದಬ್ಬೆಯಂತಿದೆ. ದುಂಡಗಿನ ಕೋಲಿನ ದೋಷ ಇದಕ್ಕೂ ಉಂಟು. ಮ್ಯಾಟಿನ ಹೊರಗೆ ಆಸರೆಯಾಗಿ ಎರಡು ಬದಿಗೆ ಕಟ್ಟಿದರೆ ಚೆನ್ನ, ಬರಿ ಮೈಗಲ್ಲ. ಇನ್ನೊಂದು ಮಾತು: ಇಳಿಜಾರಿನಲ್ಲಿ ಆ ಕೋಲು ನಡೆಯುವವರ ಕೈಯಲ್ಲಿದ್ದರೇ ಹೆಚ್ಚು ಉಪಯೋಗ, ಇನ್ನೊಬ್ಬರು ಬೀಳುವುದು ತಪ್ಪುತ್ತದೆ. ಕೆಲವು ದೊಡ್ಡ ಬೆನ್ನಚೀಲಗಳ ಒಳಗೆ ಬೆನ್ನಿಗೆ ತಾಗುವ ಕಡೆ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಎಳೆದು ತೆಗೆಯಬಹುದು, ಬಾಗಿಸಬಹುದು. ನಿಮ್ಮ ಚೀಲದಲ್ಲಿದೆಯೇ ಅಂತ ಇವತ್ತೇ ನೋಡಿಟ್ಟುಕೊಳ್ಳಿ.

ಮಡಿಸುವ ಕೊಡೆ ಮುಂಗೈಗೆ ಆದೀತು, ಉದ್ದ ಕೊಡೆ ಮೊಣಕಾಲಿನ ಕೆಳಗೆ. ಎರಡೂ 'ಏನೂ ಇಲ್ಲದಿದ್ದರೆ' ಅನ್ನುವ ಸಾಲಿನವು.

ದಪ್ಪ ವಾರಪತ್ರಿಕೆ ಅಥವಾ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಮಣಿಕಟ್ಟಿಗೆ ಒಳ್ಳೆಯದೇ, ಬಾಗುತ್ತದೆ, ತಬ್ಬುತ್ತದೆ. ಬಂಡೀಪುರದ ಬೇಸಗೆಯಲ್ಲಿ ಜೀಪು ನಿಂತ ಕಡೆ ಪೆಟ್ಟಾಯಿತೆನ್ನಿ, ರಟ್ಟೇ ಸಾಕು. ಮಳೆಯಲ್ಲಿ ಅರ್ಧ ಗಂಟೆಗೆ ಅಂಬಲಿ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರೂ ಬೆವರು ಒಳಗಿನಿಂದ ಮೆತ್ತಗೆ ಮಾಡುತ್ತದೆ.

ಕೊಂಡು ತರುವ ಸ್ಪ್ಲಿಂಟ್

ತೆಳು ಅಲ್ಯೂಮಿನಿಯಂ ಹಾಳೆಯ ಎರಡೂ ಕಡೆ ಫೋಮ್ ಅಂಟಿಸಿ, ಸುರುಳಿ ಸುತ್ತಿ ಮಾರುವ ಸ್ಯಾಮ್ ಸ್ಪ್ಲಿಂಟ್ ನೋಡಿರಬಹುದು. ವಿಯೆಟ್ನಾಂ ಯುದ್ಧದಲ್ಲಿ ಶಸ್ತ್ರವೈದ್ಯರಾಗಿದ್ದ ಅಮೆರಿಕದ ಸ್ಯಾಮ್ ಶೈನ್‌ಬರ್ಗ್ ಅವರಿಗೆ ಚೂಯಿಂಗ್ ಗಮ್ಮಿನ ಬೆಳ್ಳಿ ಕಾಗದವನ್ನು ಬೆರಳಿಗೆ ಸುತ್ತುತ್ತ ಕೂತಾಗ ಹೊಳೆದದ್ದು ಅದು. ಕಾಗದ ದೋಣಿಯಾದಾಗ ನಿಲ್ಲುತ್ತದಲ್ಲ, ಅದೇ ಯುಕ್ತಿ. ಸಾಮಾನ್ಯ ಅಳತೆ 36 ಇಂಚು ಉದ್ದ, ತೂಕ ನೂರು ಗ್ರಾಂ ಆಸುಪಾಸು. ಬಿಚ್ಚಿ ತೊಳೆದು ಮತ್ತೆ ಬಳಸಬಹುದು, ಕಟ್ಟಿದ ಹಾಗೇ ಎಕ್ಸ್‌ರೇ ತೆಗೆಯಬಹುದು.

ಇದನ್ನು ಬಳಸುವವರು ಮಾಡುವ ತಪ್ಪು ಒಂದೇ: ಚಪ್ಪಟೆಯಾಗಿಯೇ ಕಟ್ಟುವುದು. ಚಪ್ಪಟೆಯಾಗಿದ್ದರೆ ಅದು ಬರಿ ಸ್ಪಂಜು. ನಡುವೆ ಉದ್ದಕ್ಕೆ ಬಾಗು ಮೂಡಿಸಿದರೆ ಮಾತ್ರ ಗಟ್ಟಿ. ಆಕಾರವನ್ನು ಗಾಯಗೊಂಡವರ ಒಳ್ಳೆಯ ಕೈಯ ಮೇಲೋ ನಿಮ್ಮ ಕೈಯ ಮೇಲೋ ರೂಪಿಸಿ, ಆಮೇಲೆ ಮುರಿದ ಕೈಗೆ ಇಡಿ. ಹಾಳೆಗೂ ಮ್ಯಾಟಿಗೂ ಇದೇ ನಿಯಮ. ವರ್ಷಕ್ಕೆ ಎರಡು ಮೂರು ಬಾರಿ ತಂಡ ಕಟ್ಟಿಕೊಂಡು ಹೋಗುವವರು ಒಂದು ಕೊಂಡಿಟ್ಟುಕೊಳ್ಳುವುದು ನ್ಯಾಯ. ಒಬ್ಬರೇ ಹೋಗುವವರು ಕೊಳ್ಳುವ ಮೊದಲು ಯೋಚಿಸಿ: ಒಂಟಿ ಕೈಯಲ್ಲಿ ಇನ್ನೊಂದು ಕೈಗೆ ಇದನ್ನು ಕಟ್ಟಿಕೊಳ್ಳುವ ಅಭ್ಯಾಸ ನಿಮಗಿದೆಯೇ?

ಯಾರೂ ಮರೆತು ಬರಲಾಗದ ದಬ್ಬೆ

ಅದು ಮೈ. ಮುರಿದ ಬೆರಳಿಗೆ ಪಕ್ಕದ ಬೆರಳು, ತೋಳಿಗೆ ಎದೆಗೂಡು, ಒಂದು ಕಾಲಿಗೆ ಇನ್ನೊಂದು ಕಾಲು. ನಡುವೆ ಮೆತ್ತೆ ಇಡುವುದನ್ನು ಮಾತ್ರ ಬಿಡಬಾರದು: ಬೆರಳ ಸಂದಿಗೆ ಹತ್ತಿ ಅಥವಾ ಕರವಸ್ತ್ರದ ತುಂಡು, ಕಂಕುಳಿಗೆ ಮಡಿಸಿದ ಟವೆಲ್, ಮಂಡಿಗಳ ನಡುವೆ, ಗಿಣ್ಣುಗಳ ನಡುವೆ ಜಾಕೆಟ್ಟು. ಚರ್ಮಕ್ಕೆ ಚರ್ಮ ಉಜ್ಜುವುದು ಒಂದೆರಡು ಗಂಟೆಯ ಮೇಲೆ ಮುರಿತಕ್ಕಿಂತ ಹೆಚ್ಚು ಕಾಡುತ್ತದೆ. ತೋಳನ್ನು ಎದೆಗೆ ಕಟ್ಟಿದವರು ಇಳಿಜಾರಿನಲ್ಲಿ ತೂಕ ತಪ್ಪುತ್ತಾರೆ, ಹಿಂದೆಯೂ ಮುಂದೆಯೂ ಒಬ್ಬೊಬ್ಬರು ಇರಬೇಕು. ಕಾಲಿಗೆ ಕಾಲು ಕಟ್ಟಿದಿರೋ, ಆ ಮನುಷ್ಯನನ್ನು ಹೊರಬೇಕು. ಅದಕ್ಕೇ ಇದು ಹೊರುವ ಜನ ಸೇರಿರುವಾಗಿನ ಆಯ್ಕೆ.

ಈಗ ಜಾಗ ಹಿಡಿದು ಆರಿಸಿ

ಎಲುಬು ಮುರಿದಿದ್ದರೆ ಅದರ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಾಡಬಾರದು. ಪೆಟ್ಟು ಕೀಲಿಗೇ ಆಗಿದ್ದರೆ ಮೇಲಿನ ಎಲುಬು, ಕೆಳಗಿನ ಎಲುಬು. ಇದಕ್ಕೆ ಉದ್ದ ಸಾಲದ ವಸ್ತು ಎಷ್ಟೇ ಗಟ್ಟಿಯಿದ್ದರೂ ಪಕ್ಕಕ್ಕಿಡಿ.

ಮಣಿಕಟ್ಟು, ಮುಂಗೈ: ಹಾಳೆ, ಮ್ಯಾಟಿನ ತುಂಡು, ಸ್ಯಾಮ್, ಮಳೆ ಇಲ್ಲದಿದ್ದರೆ ರಟ್ಟು. ಅಂಗೈಯಲ್ಲಿ ಸುತ್ತಿದ ಸಾಕ್ಸ್ ಹಿಡಿಸಿ, ನಿಂಬೆಹಣ್ಣು ಹಿಡಿದಂತೆ ಬೆರಳುಗಳು ಸ್ವಲ್ಪ ಬಾಗಿರಲಿ. ಬೆರಳ ತುದಿ ಕಾಣುತ್ತಿರಬೇಕು. ಆಮೇಲೆ ಕೊರಳಿಗೆ ನೇತುಹಾಕುವ ಬಟ್ಟೆಯ ಜೋಳಿಗೆ, ಅಂಗೈ ಮೊಣಕೈಗಿಂತ ತುಸು ಮೇಲೆ.

ಮೊಣಕೈ ಬೇರೆಯೇ ಕತೆ. ಹೇಗಿದೆಯೋ ಹಾಗೇ ಕಟ್ಟಿ. ಬಾಗಿದ್ದರೆ ನೆಟ್ಟಗೆ ಮಾಡಬೇಡಿ, ನೆಟ್ಟಗಿದ್ದರೆ ಬಗ್ಗಿಸಬೇಡಿ. ಮಕ್ಕಳು ಮರದಿಂದಲೋ ಬಂಡೆಯಿಂದಲೋ ಬಿದ್ದು ಮೊಣಕೈಯ ಮೇಲ್ಭಾಗ ಮುರಿದುಕೊಂಡಾಗ ಪಕ್ಕದಲ್ಲೇ ಹಾದುಹೋಗುವ ರಕ್ತನಾಳಕ್ಕೆ ಏಟಾಗಬಹುದು. ರಕ್ತ ಸಿಗದೆ ಮುಂಗೈಯ ಸ್ನಾಯುಗಳು ಸತ್ತು ಬೆರಳುಗಳು ಕೊಕ್ಕೆಯಂತೆ ಸೇದಿಕೊಳ್ಳುವುದನ್ನು ಜರ್ಮನಿಯ ವೈದ್ಯ ರಿಚರ್ಡ್ ಫೋಕ್‌ಮನ್ 1881ರಲ್ಲೇ ಬರೆದರು. ಬಿಗಿ ಕಟ್ಟೂ ಅದನ್ನು ತರಬಲ್ಲದು. ಬಾಗಿಸಿದರೆ ಹಾಗೇ ನಿಲ್ಲುವ ಸ್ಯಾಮ್ ಇಲ್ಲಿ ಮೊದಲು, ಮ್ಯಾಟು ಎರಡನೆಯದು, ಕೋಲು ಕೊನೆ.

ತೋಳು ಮತ್ತು ಕಾಲರ್ ಬೋನ್‌ಗೆ (ಕೊರಳ ಬುಡದಿಂದ ಭುಜಕ್ಕೆ ಹೋಗುವ ಎಲುಬು) ದಬ್ಬೆ ಹುಡುಕುವುದೇ ವ್ಯರ್ಥ. ಜೋಳಿಗೆ, ಅದರ ಮೇಲೆ ಎದೆಸುತ್ತ ಒಂದು ಅಗಲ ಪಟ್ಟಿ. ದುಪಟ್ಟಾ ಇಲ್ಲದಿದ್ದರೆ ಟೀಶರ್ಟಿನ ಕೆಳ ಅಂಚನ್ನೇ ಕೈಯ ಮೇಲೆ ಮಡಿಸಿ ಎತ್ತಿ ಎದೆಯ ಬಳಿ ಮೂರು ಪಿನ್ನು ಚುಚ್ಚಿದರೆ ಜೋಳಿಗೆ ಸಿದ್ಧ. ಭುಜದ ಕೀಲು ತಪ್ಪಿದ್ದರೆ ಕೈ ಮೈಗೆ ಹತ್ತಿರ ಬರುವುದೇ ಇಲ್ಲ. ಎಳೆದು ಕೂರಿಸಲು ಹೋಗಬೇಡಿ. ಕೈಗೂ ಮೈಗೂ ನಡುವಿನ ಸಂದಿಗೆ ಸುತ್ತಿದ ಜಾಕೆಟ್ಟನ್ನೋ ದಿಂಬನ್ನೋ ತುಂಬಿ, ಇದ್ದ ಹಾಗೇ ಕಟ್ಟಿ.

ಪಾದದ ಗಿಣ್ಣು ಚಾರಣದಲ್ಲಿ ಪದೇಪದೇ ಪೆಟ್ಟು ತಿನ್ನುವ ಜಾಗ, ಉಳುಕೋ ಮುರಿತವೋ ಅನ್ನುವ ಗೊಂದಲ ಅಲ್ಲೇ ಜಾಸ್ತಿ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ಒಂದು ಸುಲಭದ ಸೂತ್ರವಿದೆ, ಯಾರಿಗೆ ಎಕ್ಸ್‌ರೇ ಬೇಕು ಅಂತ ನಿರ್ಧರಿಸಲು. ಕುಂಟುತ್ತಾದರೂ ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಒಳಗಿನ, ಹೊರಗಿನ ಗಿಣ್ಣುಮೂಳೆಯ ತುದಿಯನ್ನು, ಅದರ ಹಿಂಬದಿಯ ಕೊನೆಯ ಆರು ಸೆಂಟಿಮೀಟರನ್ನು ಒತ್ತಿದರೆ ನೋವೇ? ಪಾದದ ನಡುಭಾಗದಲ್ಲಿ ನೋವಿದ್ದರೆ, ಹೊರ ಅಂಚಿನ ಮಧ್ಯದಲ್ಲಿ ಉಬ್ಬಿರುವ ಮೂಳೆ, ಒಳ ಬದಿಯ ಕಮಾನಿನ ಮೇಲಿನ ಮೂಳೆ ಒತ್ತಿದರೆ ನೋವೇ? ಹೆಜ್ಜೆ ಇಡಲು ಬರುತ್ತದೆ, ಮೂಳೆ ಒತ್ತಿದರೆ ನೋವಿಲ್ಲ ಅಂದರೆ ಬೂಟು ಬಿಚ್ಚದೆ, ಅದರ ಮೇಲೇ ಪಟ್ಟಿ ಸುತ್ತಿ ನಿಧಾನ ನಡೆಸಿಕೊಂಡು ಇಳಿಯಬಹುದು. ಹೆಜ್ಜೆ ಇಡಲಾಗದಿದ್ದರೆ, ಅಥವಾ ಮೂಳೆ ಒತ್ತಿದರೆ ನೋವಾದರೆ, ಬೂಟಿನ ಲೇಸು ಪೂರ್ತಿ ಸಡಿಲಿಸಿ, ಬೆರಳು ನೋಡಲು ಬೂಟು ತೆಗೆದು, ಮ್ಯಾಟನ್ನು ಹಿಮ್ಮಡಿಯ ಕೆಳಗಿನಿಂದ ಎರಡೂ ಬದಿಗೆ ಮೇಲೆ ಬರುವಂತೆ ಇಟ್ಟು ಕಟ್ಟಿ. ಪಾದ ಕಾಲಿಗೆ ಲಂಬಕೋನದಲ್ಲಿ ನಿಂತಿರಲಿ, ಜೋತುಬೀಳದಿರಲಿ.

ಮೊಣಕಾಲಿನ ಕೆಳಗೆ ಮುರಿದಿದ್ದರೆ ಇದೇ ಮ್ಯಾಟು, ಮಂಡಿಯ ಮೇಲೆ ಒಂದು ಗೇಣು ದಾಟುವಷ್ಟು ಉದ್ದ. ಮಂಡಿಯ ಹಿಂದೆ ಸಣ್ಣ ಸುರುಳಿ, ಹಿಮ್ಮಡಿ ಯಾವುದಕ್ಕೂ ಒತ್ತದ ಹಾಗೆ ಅದಕ್ಕಿಂತ ತುಸು ಮೇಲೆ, ಕಾಲಿನ ಹಿಂಬದಿಗೆ, ಒಂದು ಮೆತ್ತೆ. ಹೊರಗೆ ಎರಡು ಚಾರಣದ ಕೋಲು ಸೇರಿಸಿದರೆ ಗಳಕ್ಕೆ ಕಂಬಳಿ ಕಟ್ಟಿದ ಜೋಲಿಯಲ್ಲಿ ಹೊರುವಾಗ ತಿರುಚುವುದಿಲ್ಲ. ಮಂಡಿಗೆ ಪೆಟ್ಟಾಗಿದ್ದರೂ ಮ್ಯಾಟೇ. ತೊಡೆಯ ನಡುವಿನಿಂದ ಮೀನಖಂಡದ ಕೆಳಗಿನವರೆಗೆ.

ತೊಡೆಯ ಎಲುಬು

ಇಲ್ಲಿ ಹೋಲಿಕೆ ಕಡಿಮೆ, ಎಚ್ಚರಿಕೆ ಹೆಚ್ಚು. ತೊಡೆಯ ಎಲುಬು ಮುರಿದರೆ ಹೊರಗೆ ಹನಿ ಕಾಣದೆಯೇ ಒಳಗೆ ಒಂದು, ಒಂದೂವರೆ ಲೀಟರ್ ರಕ್ತ ಸೋರಬಹುದು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ 19ನೇ ಶತಮಾನದಲ್ಲಿ ರೂಪಿಸಿದ, ಕಾಲನ್ನು ಎಳೆದು ಹಿಡಿಯುವ ಸ್ಪ್ಲಿಂಟನ್ನು ಅವರ ಹೆಂಡತಿಯ ಕಡೆಯ ಸೋದರಳಿಯ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದ ರಣರಂಗಕ್ಕೆ ತಂದರು. ಅದು ಅನೇಕ ಸೈನಿಕರ ಜೀವ ಉಳಿಸಿತು. ಅದನ್ನು ಕಂಡು ಕೋಲು, ಹಗ್ಗಗಳಿಂದ ಕಾಲು ಎಳೆದು ಕಟ್ಟುವ ವಿಡಿಯೋಗಳು ಬೇಕಾದಷ್ಟಿವೆ. ತರಬೇತಿ ಇಲ್ಲದವರು ಮಾಡಬೇಡಿ. ಮಂಡಿಯಲ್ಲೋ ಸೊಂಟದಲ್ಲೋ ಇನ್ನೊಂದು ಮುರಿತ ಇದ್ದರೆ ಎಳೆತ ಅದನ್ನು ಕೆಡಿಸುತ್ತದೆ, ಹಗ್ಗ ಗಿಣ್ಣಿನ ಬಳಿ ಚರ್ಮವನ್ನೇ ಕೊಲ್ಲಬಹುದು.

ಒಳ್ಳೆಯ ಕಾಲಿಗೆ ಕಟ್ಟಿ, ನಡುವೆ ಕಂಬಳಿ. ಉದ್ದದ ದಬ್ಬೆ ಸಿಕ್ಕರೆ ಕಂಕುಳಿನಿಂದ ಪಾದದವರೆಗೆ ಹೊರಬದಿಗೆ. ಕಟ್ಟುವುದಕ್ಕೂ ಮುಂಚೆ ಒಬ್ಬರು ಸಿಗ್ನಲ್ ಸಿಗುವ ದಿಣ್ಣೆಗೆ ಹೊರಟಿರಬೇಕು, 112 ಅಥವಾ 108ಕ್ಕೆ ಕರೆ ಮಾಡಲು. ನಡೆಸುವ ಮಾತೇ ಇಲ್ಲ. ಎರಡು ಗಳ, ಒಂದು ಕಂಬಳಿ, ಆರು ಜನ. ಮಲೆನಾಡಿನ ಮೂಲೆಮನೆಗಳಿಂದ ರೋಗಿಗಳನ್ನು ರಸ್ತೆಗೆ ತರುವ ಅದೇ ಜೋಲಿ. ಬಿದಿರಿನ ನಿಜವಾದ ಕೆಲಸ ಇದು.

ಯಾವುದರಿಂದ ಕಟ್ಟುವುದು

ದಬ್ಬೆಗಿಂತ ಕಟ್ಟಿನಿಂದಲೇ ಹೆಚ್ಚು ಕೆಡುವುದು. ಸುಶ್ರುತ ಎರಡು ಸಾಲಿನಲ್ಲಿ ಹೇಳಿಬಿಟ್ಟಿದ್ದಾನೆ: ಸಡಿಲವಾದರೆ ಕೀಲು ನಿಲ್ಲುವುದಿಲ್ಲ, ಬಿಗಿಯಾದರೆ ಚರ್ಮಕ್ಕೆ ಬಾವು, ನೋವು, ಕೀವು.

ಪಂಚೆ, ಬೈರಾಸು, ದುಪಟ್ಟಾಗಳನ್ನು ನಾಲ್ಕು ಬೆರಳಗಲಕ್ಕೆ ಮಡಿಸಿ ಕಟ್ಟುವುದು ಎಲ್ಲಕ್ಕಿಂತ ಮೇಲು. ಅಗಲ ಇದ್ದಷ್ಟೂ ಒತ್ತಡ ಹಂಚಿಹೋಗುತ್ತದೆ. ಕ್ರೇಪ್ ಬ್ಯಾಂಡೇಜು ಅಚ್ಚುಕಟ್ಟು, ಆದರೆ ಎಳೆಯುತ್ತ ಸುತ್ತಿದರೆ ಪ್ರತಿ ಸುತ್ತಿಗೂ ಬಿಗಿ ಕೂಡುತ್ತ ಹೋಗುತ್ತದೆ. ಎಳೆಯದೆ ಉರುಳಿಸಿಕೊಂಡು ಹೋಗಬೇಕು. ಅಗಲದ ಟೇಪು ಮಳೆಯಲ್ಲಿ ಆಪದ್ಬಾಂಧವ, ಮ್ಯಾಟಿನ ಮೇಲೆ ಅಂಟಿಸಿ, ಚರ್ಮದ ಮೇಲಲ್ಲ. ಸುತಳಿ, ಬೂಟಿನ ಲೇಸು, ಕಾಡುಬಳ್ಳಿ ಕೊಯ್ಯುತ್ತವೆ, ಮೆತ್ತೆಯ ಹೊರಗೆ ಮಾತ್ರ. ಮುರಿದ ಜಾಗದ ನೇರ ಮೇಲೆ ಗಂಟು ಬೇಡ. ಗಂಟು ದಬ್ಬೆಯ ಕಡೆಗಿರಲಿ, ಕತ್ತಲೆಯಲ್ಲೂ ಬೆರಳಿಗೆ ಸಿಗುವಂತೆ.

ಮೊದಲ ಗಂಟೆ ಹದಿನೈದು ನಿಮಿಷಕ್ಕೊಮ್ಮೆ, ಆಮೇಲೆ ಅರ್ಧ ಗಂಟೆಗೊಮ್ಮೆ ಬೆರಳು ನೋಡಿ. ಕಟ್ಟಿದಾಗ ಸರಿಯಿದ್ದದ್ದು ಬಾವು ಏರಿದ ಮೇಲೆ ಬಿಗಿಯಾಗುತ್ತದೆ. ನೋವು ಕಡಿಮೆಯಾಗಿದ್ದು ಮತ್ತೆ ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ನೀವು ಎತ್ತಿದರೆ ಚೀರುವಂತಾದರೆ, ಜೋಮು ಹಿಡಿದರೆ, ಬಣ್ಣ ಬಿಳಿಚಿದರೆ ಆ ಕ್ಷಣ ಸಡಿಲಿಸಿ. ಜೊತೆಗೆ ಇಂಬಳಕ್ಕೂ ಕಣ್ಣಿಡಿ: ದಬ್ಬೆಯ ಕೆಳಗಿನ ಬೆಚ್ಚಗಿನ ಜಾಗ ಅದಕ್ಕೆ ಬಲು ಇಷ್ಟ, ಕಟ್ಟಿದವರು ರಕ್ತ ನೋಡಿ ಗಾಬರಿಯಾಗುತ್ತಾರೆ.

ಕೆಳಗೆ ಇಳಿದ ಮೇಲೆ ಯಾರಾದರೂ 'ಆಸ್ಪತ್ರೆ ಯಾಕೆ, ನಾಟಿ ಕಟ್ಟು ಹಾಕಿಸಿ' ಅನ್ನುತ್ತಾರೆ, ಪುತ್ತೂರು ಕಟ್ಟಿನ ಹೆಸರು ಹೇಳುತ್ತಾರೆ. ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಬಿದಿರು ದಬ್ಬೆ, ಮೊಟ್ಟೆ, ಸೊಪ್ಪಿನ ಲೇಪದ ಆ ಕಟ್ಟಿಗೆ ದೊಡ್ಡ ಹೆಸರಿದೆ, ವಾಸಿಯಾದವರೂ ಇದ್ದಾರೆ. ಹೊಸ ಪೆಟ್ಟಿಗೆ, ಬಾವು ಏರುತ್ತಿರುವ ಮೊದಲ ದಿನವೇ, ಸುತ್ತಲೂ ಬಿಗಿ ಕಟ್ಟು ಅಪಾಯ. ರಕ್ತ ನಿಂತು ಗ್ಯಾಂಗ್ರೀನ್ ಆಗಿ ಕೈ ಕಳೆದುಕೊಂಡ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಮೊದಲು ಎಕ್ಸ್‌ರೇ.

ಹಾವು ಕಚ್ಚಿದಾಗ

ಇದೇ ದಬ್ಬೆಗೆ ಇನ್ನೊಂದು ಕೆಲಸ. ಹಾವು ಕಚ್ಚಿದ ಕೈಕಾಲನ್ನು ಮುರಿದ ಕೈಕಾಲಿನಂತೆಯೇ ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಒಯ್ಯಿರಿ ಅನ್ನುವುದು ನಮ್ಮ ದೇಶದ ಚಿಕಿತ್ಸಾ ಸೂಚಿಯ ಮಾತು. ವ್ಯತ್ಯಾಸ ಇಷ್ಟೇ, ಕಟ್ಟು ಬರಿ ಆಸರೆಗೆ, ವಿಷ ತಡೆಯಲು ಅಲ್ಲ. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಬಾವು ಬೇಗ ಏರುತ್ತದೆ, ಆದ್ದರಿಂದ ಮ್ಯಾಟು ಅಥವಾ ಹಾಳೆ ಒಳ್ಳೆಯದು, ಬೆರಳು ತೂರುವಷ್ಟು ಸಡಿಲವಾಗಿ.

ಆಸ್ಪತ್ರೆಯ ಬಾಗಿಲಲ್ಲಿ

ನಮ್ಮ ಗೆಳೆಯನನ್ನು ಭಟ್ಟರ ಮನೆ ದಾಟಿಸಿ ಕುಕ್ಕೆಗೆ ಇಳಿಸುವಾಗ ರಾತ್ರಿಯಾಗಿತ್ತು. ಟೇಪು, ಮ್ಯಾಟು, ಯಾರದೋ ಬೈರಾಸಿನ ಜೋಳಿಗೆ ಎಲ್ಲ ಹಾಗೇ ಇದ್ದವು. ಕರ್ತವ್ಯದಲ್ಲಿದ್ದ ವೈದ್ಯರು ಕಟ್ಟನ್ನು ನೋಡಲೇ ಇಲ್ಲ, ಸೀದಾ ಕೇಳಿದರು: ಬಿದ್ದದ್ದು ಎಷ್ಟು ಗಂಟೆಗೆ, ಹೇಗೆ ಬಿದ್ದ, ಆಗ ಬೆರಳು ಅಲುಗುತ್ತಿತ್ತಾ, ನೋವಿನ ಮಾತ್ರೆ ಯಾವುದು ಕೊಟ್ಟಿರಿ, ಎಷ್ಟು ಹೊತ್ತಿಗೆ, ಕೊನೆಯ ಊಟ ಯಾವಾಗ. ನಮ್ಮಲ್ಲಿ ನಾಲ್ವರು ನಾಲ್ಕು ಸಮಯ ಹೇಳಿದೆವು. ಈಗ ನಾನು ಬಿದ್ದ ಹೊತ್ತನ್ನು ಪೆನ್ನಿನಲ್ಲಿ ಆ ಟೇಪಿನ ಮೇಲೇ ಬರೆಯುತ್ತೇನೆ, ಪ್ರತಿ ಸಲ ಬೆರಳು ನೋಡಿದ ಹೊತ್ತನ್ನು ಅದರ ಕೆಳಗೆ.